ಕೊಡದೇ ಇದ್ದದ್ದನ್ನು ತೆಗೆದುಕೊಳ್ಳದಿರುವುದು

ಇಂದಿನ ಧಮ್ಮ ಚಿಂತನೆ

ಪಂಚಶೀಲದ ಎರಡನೆಯ ಶೀಲವನ್ನು ನಾವು ದಿನವೂ ಹೇಳುತ್ತೇವೆ. ಮಕ್ಕಳಿಗೆ ಅದರ ಅರ್ಥ ತಿಳಿಸುವಾಗ ‘ಕಳ್ಳತನ ಮಾಡಬಾರದು’ ಎಂದು ಮುಗಿಸಿಬಿಡುತ್ತೇವೆ. ಆದರೆ ‘ಅದಿನ್ನಾದಾನ’ ಎಂಬ ಪಾಲಿ ಪದವನ್ನು ಬಿಡಿಸಿ ನೋಡಿ. ದಿನ್ನ ಎಂದರೆ ಕೊಟ್ಟದ್ದು. ಅದಿನ್ನ ಎಂದರೆ ಕೊಡದೇ ಇದ್ದದ್ದು. ಆದಾನ ಎಂದರೆ ತೆಗೆದುಕೊಳ್ಳುವುದು. ಹಣ, ಒಡವೆ, ಹೊಲ ಮಾತ್ರವಲ್ಲ. ಒಬ್ಬರ ರಕ್ತ, ಒಬ್ಬರ ಹೆಸರು, ಒಬ್ಬರ ನೋವಿನ ಕಥೆ, ಇವನ್ನೂ ಅವರು ಕೊಟ್ಟರೆ ಮಾತ್ರ ನಾವು ತೆಗೆದುಕೊಳ್ಳಬಹುದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ ಸಂಗತಿ ಈ ಶೀಲವನ್ನು ಚೆನ್ನಾಗಿ ತಿಳಿಸಿಕೊಡುತ್ತದೆ. ಸಾರ್ವಜನಿಕ ಆರೋಗ್ಯ ಓದುತ್ತಿರುವ ಆಕೆ ಸಂಶೋಧನೆಗಾಗಿ ಕೆಲವು ತಿಂಗಳು ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಹೊರವಲಯದ ಕ್ಲಿನಿಕ್ ಒಂದರಲ್ಲಿದ್ದಳು. ಅದು ಕ್ವಾಜುಲು-ನಟಾಲ್ ಪ್ರಾಂತ್ಯ; ಜಗತ್ತಿನಲ್ಲಿ ಎಚ್‌ಐವಿ ಅತಿ ಹೆಚ್ಚಾಗಿ ಹರಡಿರುವ ಪ್ರದೇಶಗಳಲ್ಲಿ ಒಂದು. ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳಲು ರೋಗಿಗಳಿಗೆ ಏನೇನು ಅಡ್ಡಿಯಾಗುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

ಕೇಳುವ ಮೊದಲು ಪ್ರತಿಯೊಬ್ಬರಿಗೂ ಒಪ್ಪಿಗೆ ಪತ್ರವನ್ನು ಜುಲು ಭಾಷೆಯಲ್ಲಿ ಓದಿ ಹೇಳಬೇಕಿತ್ತು. ಏನು ಕೇಳುತ್ತೇವೆ, ಯಾಕೆ ಕೇಳುತ್ತೇವೆ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಬೇಡವೆನಿಸಿದರೆ ನಡುವೆಯೇ ಎದ್ದು ಹೋಗಬಹುದು, ಹೋದರೂ ನಿಮ್ಮ ಔಷಧಿ ನಿಲ್ಲುವುದಿಲ್ಲ. ಒಬ್ಬ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ‘ಬೇಡ’ ಎಂದು ಹೇಳಿ, ತನ್ನ ಮಾತ್ರೆ ತೆಗೆದುಕೊಂಡು ಹೊರಟುಹೋದಳಂತೆ. ಇವಳ ಮುಖ ಸಪ್ಪಗಾಯಿತು. ಪಕ್ಕದಲ್ಲಿದ್ದ ದುಭಾಷಿ ಹೇಳಿದಳಂತೆ: ‘ಬೇಜಾರು ಯಾಕೆ? ನೀನು ಓದಿದ್ದು ಅವಳಿಗೆ ಚೆನ್ನಾಗಿ ಅರ್ಥವಾಗಿದೆ.’

ಬೇಡ ಎನ್ನಲು ಕಾರಣವಿತ್ತು. ಡಬ್ಬಿ ಅಲ್ಲಾಡಿದರೆ ಸದ್ದಾಗಿ ಬಸ್ಸಿನಲ್ಲಿದ್ದವರಿಗೆ ತಿಳಿಯುತ್ತದೆಂದು ಮಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುವವರು ಅಲ್ಲಿದ್ದರು. ಡರ್ಬನ್ ಪಕ್ಕದ ಕ್ವಾಮಾಶುವಿನ ಗುಗು ದ್ಲಾಮಿನಿ ಎಂಬ ಮಹಿಳೆ 1998ರ ವಿಶ್ವ ಏಡ್ಸ್ ದಿನದಂದು ತನಗೆ ಎಚ್‌ಐವಿ ಇದೆ ಎಂದು ಎಲ್ಲರೆದುರು ಹೇಳಿದರು. ಅದೇ ತಿಂಗಳು ನೆರೆಹೊರೆಯವರ ಗುಂಪು ಅವರನ್ನು ಹೊಡೆದು ಕೊಂದಿತು. ಇಂದು ನಗರದ ನಡುವೆ ಅವರ ಹೆಸರಿನ ಉದ್ಯಾನವಿದೆ. ಭಯ ಮಾತ್ರ ಪೂರ್ತಿ ಹೋಗಿಲ್ಲ.

ಈ ಭಯ ನಮಗೇನು ಹೊಸದೇ? ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆಗೆ ನಾಲಿಗೆ ಒಣಗಿದವರು ನಮ್ಮಲ್ಲಿ ಎಷ್ಟು ಮಂದಿ! ಒಂದು ಮಾತು ಹೊರಬಿದ್ದರೆ ಲೋಟ ಬೇರೆಯಾಗುತ್ತದೆ, ಜಾಗ ಬೇರೆಯಾಗುತ್ತದೆ. ಇನ್ನು ನಮ್ಮ ಕೇರಿಗೆ ಬಂದು ನಮ್ಮ ಕಷ್ಟ ಬರೆದುಕೊಂಡು ಹೋದವರು ಎಷ್ಟೋ ಮಂದಿ. ಬರೆದದ್ದನ್ನು ತಿರುಗಿ ತಂದು ತೋರಿಸಿದವರು ಎಷ್ಟು?

ವಿನಯ ಪಿಟಕದ ಒಂದು ಪ್ರಸಂಗ ನಿಮಗೆ ಗೊತ್ತು. ಬಾಬಾಸಾಹೇಬರೂ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅದನ್ನು ಹೇಳಿದ್ದಾರೆ. ಹೊಟ್ಟೆಯ ಬೇನೆಯಿಂದ ಭಿಕ್ಷುವೊಬ್ಬ ತನ್ನ ಮಲದಲ್ಲೇ ಬಿದ್ದಿದ್ದ. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ನೀರು ಹೊಯ್ದು ತೊಳೆಸಿ, ತಲೆಯ ಕಡೆ ತಾವು, ಕಾಲ ಕಡೆ ಆನಂದ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ನಾವು ಸೇವೆಯನ್ನು ನೆನೆಯುತ್ತೇವೆ, ಅದಕ್ಕೂ ಮೊದಲು ನಡೆದದ್ದನ್ನು ಮರೆಯುತ್ತೇವೆ. ನಿನಗೇನು ಕಾಯಿಲೆ, ನೋಡಿಕೊಳ್ಳುವವರು ಇದ್ದಾರೆಯೇ, ಯಾಕಿಲ್ಲ ಎಂದು ಭಗವಾನರು ಆತನನ್ನೇ ಕೇಳಿದರು. ಮೊದಲು ಕೇಳಿದರು, ಆಮೇಲೆ ಮುಟ್ಟಿದರು. ಕೇಳಿದ ಕೂಡಲೇ ಆತ ರೋಗವಾಗಿ ಉಳಿಯಲಿಲ್ಲ, ಮನುಷ್ಯನಾದ.

ಹೀಗೆ ಕೇಳಿದಾಗ ಜನ ಕೊಡುತ್ತಾರೆ. ತಿಳಿದು, ಒಪ್ಪಿ ಕೊಟ್ಟದ್ದು ದಾನವಾಗುತ್ತದೆ. 2011ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನಕ್ಕೆ 9 ದೇಶಗಳ 1,763 ಜೋಡಿಗಳು ಒಪ್ಪಿ ಬಂದಿದ್ದರು. ದಕ್ಷಿಣ ಆಫ್ರಿಕಾದವರಿದ್ದರು, ನಮ್ಮ ಚೆನ್ನೈ, ಪುಣೆಯವರೂ ಇದ್ದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಬೇಗನೆ ಔಷಧಿ ಶುರು ಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ಕಡಿಮೆಯಾಗುತ್ತದೆ ಎಂದು ಅವರಿಂದಲೇ ಜಗತ್ತಿಗೆ ತಿಳಿಯಿತು. ಅವರ ಹೆಸರು ನಮಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಇಂದು ಮಾತ್ರೆ ತೆಗೆದುಕೊಂಡು ದುಡಿದು, ಮದುವೆಯಾಗಿ, ಆರೋಗ್ಯವಾದ ಮಕ್ಕಳನ್ನು ಹೆತ್ತು ಬಾಳುತ್ತಿರುವ ಲಕ್ಷಾಂತರ ಜನರ ಬದುಕಿನಲ್ಲಿ ಆ ದಾನವಿದೆ.

ಇಂದಿನ ಅಭ್ಯಾಸ: ನಮ್ಮ ಬಳಗದಲ್ಲಿ, ಬೀದಿಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆ ಎಂದು ಕಿವಿಗೆ ಬಿದ್ದರೆ ಮಾತು ಅಲ್ಲೇ ನಿಲ್ಲಲಿ. ಒಪ್ಪಿಗೆ ಇಲ್ಲದೆ ಅದನ್ನು ಹೊರಗೆಡಹಬಾರದು ಎಂದು ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆಯೂ ಹೇಳುತ್ತದೆ. ಇದೇ ವಾಟ್ಸಾಪ್‌ನಲ್ಲಿ ಒಬ್ಬರ ವರದಿ, ಒಬ್ಬರ ಫೋಟೊ, ಒಬ್ಬರ ಗುಟ್ಟನ್ನು ಮುಂದಕ್ಕೆ ಕಳಿಸುವ ಮುನ್ನ ಬೆರಳು ಒಂದು ಕ್ಷಣ ನಿಲ್ಲಲಿ. ಇದನ್ನು ಅವರು ನನಗೆ ಕೊಟ್ಟಿದ್ದಾರೆಯೇ? ಕೊಟ್ಟಿಲ್ಲವಾದರೆ ಅದು ಅದಿನ್ನ. ಅವರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ‘ಹೇಗಿದ್ದೀರಿ?’ ಎಂದು ಕೇಳಿ ಬನ್ನಿ. ಅದರಿಂದ ಯಾವ ಸೋಂಕೂ ಅಂಟುವುದಿಲ್ಲ.

ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.