‘ಏನೂ ಇಲ್ಲ’ ಎಂದರೇನು?

2019ರ ಜೂನ್ ತಿಂಗಳಲ್ಲಿ ಚೆನ್ನೈಗೆ ನೀರುಣಿಸುವ ಚೆಂಬರಂಬಾಕ್ಕಂ ಕೆರೆ ಬತ್ತಿಹೋಗಿದ್ದುದನ್ನು ವಾಚಕರು ಮರೆತಿರಲಾರರು. ಅದನ್ನು ನೋಡಲು ಹೋದಾಗ ಮೊಮ್ಮಗಳಿಗೆ, “ನೋಡಮ್ಮ, ಕೆರೆಯಲ್ಲಿ ಏನೂ ಇಲ್ಲ” ಎಂದೆ. “ಮಣ್ಣು ಇದೆಯಲ್ಲ ತಾತಾ!” ಎಂದಳು. ಶಾಸ್ತ್ರ ಓದಿದವನೆಂಬ ನನ್ನ ಅಭಿಮಾನಕ್ಕೆ ತಕ್ಕ ಉತ್ತರವೇ ದೊರೆಯಿತು.

‘ಇಲ್ಲ’ ಎಂದೊಡನೆ ‘ಯಾವುದು ಇಲ್ಲ? ಎಲ್ಲಿ ಇಲ್ಲ?’ ಎಂಬ ಪ್ರಶ್ನೆಗಳು ಏಳುತ್ತವೆ. ಇಲ್ಲದ ವಸ್ತುವಿಗೆ ಪ್ರತಿಯೋಗಿಯೆಂದೂ, ಅದು ಇಲ್ಲದಿರುವ ಎಡೆಗೆ ಅಧಿಕರಣವೆಂದೂ ಹೆಸರು. ತಾರ್ಕಿಕರು ‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬ ದೃಷ್ಟಾಂತವನ್ನು ಕೊಡುತ್ತಾರೆ. ಆ ಬೇಸಿಗೆಯ ಚೆನ್ನೈಯಲ್ಲಿ ಗಡಿಗೆಗಳಿಗೇನು ಕೊರತೆ! ಬೀದಿಬೀದಿಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟಿದ್ದವು, ಇಲ್ಲದಿದ್ದುದು ನೀರು.

ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಅಸ್ವತಂತ್ರತತ್ತ್ವವನ್ನು ಭಾವ, ಅಭಾವ ಎಂದು ವಿಂಗಡಿಸಿ, ಅಭಾವವನ್ನು ಮೂರು ಬಗೆಯಾಗಿ ಹೇಳಿದ್ದಾರೆ: ವಸ್ತು ಹುಟ್ಟುವ ಮುನ್ನಿನ ಪ್ರಾಗಭಾವ, ಅಳಿದ ಬಳಿಕದ ಪ್ರಧ್ವಂಸಾಭಾವ, ಎಂದೆಂದಿಗೂ ಇರುವ ಸದಾಭಾವ. ಕೆರೆಯನ್ನೇ ನೋಡೋಣ. ಹಿಂದಿನ ಮಳೆಯ ಜಲರಾಶಿ ಅಳಿದಿತ್ತು. (ಆವಿಯಾದುದನ್ನು ಅಳಿದಿತೆನ್ನಬಹುದೇ ಎಂದು ಪಂಡಿತರು ಕೇಳಿಯಾರು, ಕೆರೆ ತುಂಬಿದ್ದ ಆ ರಾಶಿಯಂತೂ ಅಳಿಯಿತು.) ಮುಂದಿನ ಮಳೆಯ ರಾಶಿ ಇನ್ನೂ ಹುಟ್ಟಿರಲಿಲ್ಲ. ಮೊದಲನೆಯ ಅಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಎರಡನೆಯದಕ್ಕೆ ಆದಿಯಿಲ್ಲ, ಅಂತ್ಯವುಂಟು. ಕಣ್ಣಿಗಾದರೋ ಕಾಣುವುದು ಒಂದೇ ಬಿರುಕುಬಿಟ್ಟ ನೆಲ. ಪ್ರತಿಯೋಗಿಯನ್ನು ಮರೆತರೆ ಈ ಎರಡನ್ನು ಬೇರ್ಪಡಿಸುವ ಗುರುತೇ ಇಲ್ಲ. ಜುಲೈ 12ರಂದು ಜೋಲಾರಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ಹೊತ್ತ ರೈಲು ವಿಲ್ಲಿವಾಕ್ಕಂಗೆ ಬಂದಿತು. ನಿವೃತ್ತನಾದರೂ ರೈಲ್ವೆಯವನೆಂಬ ಹೆಮ್ಮೆ ನನಗಾಯಿತು. ಆದರೆ ಅಳಿದ ರಾಶಿ ಮರಳಲಿಲ್ಲ. ಬಂದದ್ದು ಬೇರೆ ನೀರು.

ನಿಜವಾದ ತೊಡಕಿರುವುದು ಸದಾಭಾವದಲ್ಲಿ. ಮೊಲದ ಕೊಂಬು ಎಲ್ಲಿಯೂ, ಎಂದೂ ಇಲ್ಲ. ಅಂತಹ ಪ್ರತಿಯೋಗಿಯನ್ನು ತಿಳಿಯುವುದೆಂತು? ತಾರ್ಕಿಕರು ಅದನ್ನು ಒಪ್ಪದೆ, ‘ಮೊಲದಲ್ಲಿ ಕೊಂಬಿಲ್ಲ’ ಎಂದಷ್ಟೇ ಅರ್ಥಮಾಡುತ್ತಾರೆ. ನಮ್ಮವರು ಒಪ್ಪುತ್ತಾರೆ. ಅಸತ್ತು ತಿಳಿವಿಗೆ ಬಾರದೆಂದು ವಾದಿಸುವವನೂ ಅದನ್ನು ತಿಳಿದೇ ಅಲ್ಲಗಳೆಯಬೇಕಷ್ಟೆ! ತಿಳಿವಿಗೆ ಬಂದ ಮಾತ್ರಕ್ಕೆ ಅದು ಇದ್ದಂತಾಗದು.

ಹಾಗಾದರೆ ‘ಜಗತ್ತೂ ಇಲ್ಲ, ನಾನೂ ಇಲ್ಲ, ಏನೂ ಇಲ್ಲ’ ಎಂದು ಭಾವಿಸಬಲ್ಲೆವೇ? ನಿದ್ರೆ ಬಾರದ ರಾತ್ರಿಗಳಲ್ಲಿ ನಾನು ಪ್ರಯತ್ನಿಸಿದ್ದೇನೆ. ಒಂದೊಂದನ್ನೇ ಮನಸ್ಸಿನಿಂದ ತೆಗೆದುಹಾಕುತ್ತ ಹೋದರೂ ಕತ್ತಲೆ ತುಂಬಿದೊಂದು ಅವಕಾಶ ಉಳಿಯುತ್ತದೆ. ಹೊತ್ತು ಸರಿಯುತ್ತಲೇ ಇರುತ್ತದೆ. ಇವೆರಡನ್ನೂ ಅರಿಯುತ್ತಿರುವ ಸಾಕ್ಷಿಯೂ ಉಳಿಯುತ್ತದೆ, ಮೊಮ್ಮಗಳು ಕಂಡ ಮಣ್ಣಿನಂತೆ.