ಬ್ಲೈಟಿ

ಬ್ಲೈಟಿ ಎಂಬುದು ಇಂಗ್ಲಿಷರ ಒಂದು ಹಳೆಯ ಆಡುಮಾತು. ಇಂಗ್ಲೆಂಡ್ ಎಂದು ಅದರ ಅರ್ಥ, ಮನೆ ಎಂದು ಅದರ ಭಾವ. ಇಂದು ಅದನ್ನು ಬಳಸುವವರು ಅರ್ಧ ನಗುತ್ತಲೇ ಬಳಸುತ್ತಾರೆ. ಆದರೆ ಆ ಮಾತು ಹುಟ್ಟಿದ್ದು ನಮ್ಮ ನೆಲದ ದಂಡುಗಳಲ್ಲಿ. ಅರಬ್ಬಿಯ ವಿಲಾಯತ್ ಎಂದರೆ ಆಳ್ವಿಕೆಗೊಳಪಟ್ಟ ಪ್ರಾಂತ. ಹಿಂದುಸ್ತಾನಿಗೆ ಬಂದು ಅದು ವಿಲಾಯತಿ, ಬಿಲಾಯತಿ ಆಯಿತು: ಪರದೇಶದ್ದು, ಬಿಳಿಯರ ನಾಡಿನದ್ದು. ಸೋಡಾ ನೀರು ಕೂಡ ಬಿಲಾಯತಿ ಪಾನಿಯೇ. ನಮ್ಮವರು ದೂರಕ್ಕೆ ಬೆರಳು ಚಾಚಿ ಆಡಿದ ಮಾತನ್ನು ಗೋರಾ ಸಿಪಾಯಿ ತನ್ನ ಮನೆಗೆ ಹೆಸರಾಗಿ ಇಟ್ಟುಕೊಂಡ. ಊರಿನಲ್ಲಿರುವಾಗ ಊರಿಗೆ ಮುದ್ದಿನ ಹೆಸರು ಬೇಕಾಗುವುದಿಲ್ಲ.

1914ರ ಮಹಾಯುದ್ಧದ ಕಂದಕಗಳಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಕೂಡಿತು. ಪ್ರಾಣ ಹೋಗದಷ್ಟು ಹಗುರ, ಆದರೆ ಊರಿಗೆ ಕಳಿಸಲೇಬೇಕಾದಷ್ಟು ಗಂಭೀರ. ಅಂಥ ಗಾಯಕ್ಕೂ ಬ್ಲೈಟಿ ಎಂದೇ ಹೆಸರು. ಮೊಣಕಾಲ ಕೆಳಗೆ ಗುಂಡು ಹೊಕ್ಕವನನ್ನು ಸಂಗಡಿಗರು ಅಸೂಯೆಯಿಂದ ನೋಡುತ್ತಿದ್ದರು. ಅವರನ್ನು ಹೇಡಿಗಳೆನ್ನಲು ನಮಗೆ ನಾಲಗೆ ಏಳದು. ಪರೀಕ್ಷೆಯ ಬೆಳಗ್ಗೆ ಹಣೆ ಮುಟ್ಟಿ ನೋಡಿಕೊಂಡವರು ನಾವು. ಜ್ವರ ಬರಲಿ, ಆದರೆ ಹೆಚ್ಚು ಬೇಡ ಎಂದು ದೇವರೊಡನೆ ಚೌಕಾಸಿ ಮಾಡಿದವರು. ಸಾಕು ಎನ್ನುವ ಧೈರ್ಯ ಮನಸ್ಸಿಗಿಲ್ಲದಾಗ ಆ ಮಾತನ್ನು ದೇಹವೇ ಆಡಲಿ ಎಂದು ಈಗಲೂ ಕಾಯುತ್ತೇವೆ.

ಅದೇ ಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ನಮ್ಮ ದೇಶದ ಸಿಪಾಯಿಗಳೂ ಬಿದ್ದರು. ಗಾಯಗೊಂಡ ಎಷ್ಟೋ ಮಂದಿಯನ್ನು ಬ್ರೈಟನ್ನಿಗೆ ಒಯ್ದರು. ಸಮುದ್ರತೀರದ ಆ ಊರಿನಲ್ಲಿ ಮೊಗಲರ ಗುಮ್ಮಟಗಳನ್ನು ಅನುಕರಿಸಿ ಕಟ್ಟಿದ ಅರಮನೆಯೊಂದು 1914ರ ಕೊನೆಗೆ ಅವರ ಆಸ್ಪತ್ರೆಯಾಯಿತು. ಗಾಯ ಅದೇ, ತಲುಪಿದ ತೀರವೂ ಅದೇ. ಇಂಗ್ಲಿಷ್ ಸೈನಿಕನಿಗೆ ಅದು ಬ್ಲೈಟಿ. ಪಕ್ಕದವನಿಗೆ ಇನ್ನೂ ವಿಲಾಯತಿ. ಗುಣವಾದ ಅನೇಕರನ್ನು ಮತ್ತೆ ಕಂದಕಕ್ಕೇ ಕಳಿಸಿದರು. ಆ ಗುಮ್ಮಟಗಳ ಕೆಳಗೆ ಮಲಗಿದವನಿಗೆ ಮನೆ ಹತ್ತಿರವೆನಿಸಿತೋ, ಇನ್ನಷ್ಟು ದೂರವಾಯಿತೋ.

ವಿಲಾಯತಿಗೆ ಕನ್ನಡ ಕಂಡುಕೊಂಡ ಮಾತು ಸೀಮೆ. ಗಡಿಯ ಹೆಸರು ಗಡಿಯಾಚೆಯಿಂದ ಬಂದುದಕ್ಕೂ ಅಂಟಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಬೀದಿಯ ಕೊನೆಯ ಕೊಟ್ಟಿಗೆಯಲ್ಲಿ ಸೀಮೆಹಸುವೊಂದು ಈಗತಾನೆ ಕೂಗಿತು. ಅದು ಹುಟ್ಟಿದ್ದು ಇಲ್ಲೇ, ಅದರ ತಾಯಿ ಹುಟ್ಟಿದ್ದೂ ಇಲ್ಲೇ. ಹೆಸರಿನ ಸೀಮೆ ಮಾತ್ರ ಹಾಗೇ ಉಳಿದಿದೆ. ಹಾಲು ಕರೆಯುವ ಹೊತ್ತು. ಅದು ಬಾಗಿಲ ಕಡೆಗೇ ನೋಡುತ್ತಿದೆ.