ರಣಕಥೆಯ ವಾಚನವೂ ಶ್ರಾವಕನ ಅನುಮೋದನೆಯೂ

ಹಿಂಸೆಯನ್ನು ಸ್ವತಃ ಮಾಡುವುದು ಕೃತ, ಅನ್ಯರಿಂದ ಮಾಡಿಸುವುದು ಕಾರಿತ, ಅನ್ಯರು ಮಾಡಿದುದನ್ನು ಮನಸ್ಸಿನಲ್ಲಿ ಮೆಚ್ಚುವುದು ಅನುಮೋದಿತ. ಈ ಮೂರೂ ಕರ್ಮಾಸ್ರವದ ದ್ವಾರಗಳೆಂಬುದು ಜಿನಾಗಮದ ನಿಶ್ಚಿತ ಅಭಿಪ್ರಾಯ. ಗೃಹಸ್ಥನು ಮೊದಲಿನ ಎರಡರ ವಿಷಯದಲ್ಲಿ ಸಾಮಾನ್ಯವಾಗಿ ಎಚ್ಚರದಿಂದಿರುತ್ತಾನೆ. ನೀರನ್ನು ಸೋಸಿ ಕುಡಿಯುತ್ತಾನೆ. ಸೂರ್ಯಾಸ್ತಕ್ಕೆ ಮುಂಚೆ ಊಟವನ್ನು ಮುಗಿಸುತ್ತಾನೆ. ಅಂಗಳದ ಇರುವೆಯ ಸಾಲನ್ನು ಕಂಡು ಹೆಜ್ಜೆಯನ್ನು ಸರಿಸಿ ಇಡುತ್ತಾನೆ. ಅದೇ ಗೃಹಸ್ಥನು ರಾತ್ರಿ ದೀಪದ ಬೆಳಕಿನಲ್ಲಿ ಯುದ್ಧದ ಗ್ರಂಥವೊಂದನ್ನು ತೆರೆದು, ಇಂಥ ಸೇನಾಪತಿಯು ಇಷ್ಟು ಜನರನ್ನು ಕೆಡವಿದನೆಂಬ ಮಾತನ್ನು ಓದಿ ರೋಮಾಂಚಗೊಂಡರೆ, ಅವನಿಗೆ ಅನುಮೋದನೆಯ ದೋಷವು ತಟ್ಟುವುದೋ ಇಲ್ಲವೋ?

ಸಾಗರ, ಹೊಸನಗರ, ತೀರ್ಥಹಳ್ಳಿ ಪ್ರಾಂತದ ಕುಟುಂಬಗಳಿಗೆ ಈ ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯದಲ್ಲ. ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ನಗರ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಇವೆಲ್ಲವೂ ಸೈನ್ಯಗಳ ನೆನಪನ್ನು ಹೊತ್ತು ನಿಂತ ಸ್ಥಳಗಳು. ಈ ನೆಲದಲ್ಲಿಯೇ 1830-31ರಲ್ಲಿ ಒಂದೇ ಸಂಸ್ಥಾನದ ಪ್ರಜೆಗಳು ಎರಡು ಪಕ್ಷಗಳಾಗಿ ನಿಂತು ಹೋರಾಡಿದರು. ಆ ಕಲಹದ ಚರಿತ್ರೆಯನ್ನು ಓದುವವನು ಯಾರ ಜಯಕ್ಕೆ ಹಿಗ್ಗಬೇಕು?

ಸಮಂತಭದ್ರಾಚಾರ್ಯರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಚಿತ್ತವನ್ನು ಕಲುಷಿತಗೊಳಿಸುವ ಗ್ರಂಥಗಳನ್ನು ಕೇಳುವುದೇ ದುಃಶ್ರುತಿ. ಹಾಗೆ ಕಲುಷಿತಗೊಳಿಸುವ ಭಾವಗಳಲ್ಲಿ ರಾಗ, ದ್ವೇಷ, ಮದಗಳೊಂದಿಗೆ ಸಾಹಸವನ್ನೂ ಅವರು ಎಣಿಸಿದ್ದಾರೆ. ನಾಲ್ಕು ವಿಕಥೆಗಳಲ್ಲಿ ರಾಜಕಥೆಗೂ ಸ್ಥಾನವುಂಟು. ಈ ಮಾತುಗಳನ್ನು ಮಾತ್ರ ಹಿಡಿದರೆ ಯುದ್ಧದ ಪುಸ್ತಕಗಳೆಲ್ಲವೂ ಬಸದಿಯ ಗ್ರಂಥಭಂಡಾರದಿಂದ ಹೊರಗೆ ಹೋಗಬೇಕಾಗುತ್ತದೆ. ಆದರೆ ಕನ್ನಡದಲ್ಲಿ ಅಂತಃಕಲಹದ ಮಹಾಕಾವ್ಯಗಳನ್ನು ರಚಿಸಿದವರು ಜೈನ ಕವಿಗಳೇ. ಆದಿಪುರಾಣವನ್ನು ಬರೆದ ಪಂಪನೇ ವಿಕ್ರಮಾರ್ಜುನವಿಜಯವನ್ನೂ ಬರೆದನು. ಅಜಿತಪುರಾಣವನ್ನು ಬರೆದ ರನ್ನನೇ ಗದಾಯುದ್ಧವನ್ನೂ ಬರೆದನು; ಅದರ ಇನ್ನೊಂದು ಹೆಸರು ಸಾಹಸಭೀಮವಿಜಯ. ಆಚಾರ್ಯರು ಎಚ್ಚರಿಸಿದ ಶಬ್ದವೇ ಕವಿಯ ಗ್ರಂಥದ ಹೆಸರಿನಲ್ಲಿ ಕುಳಿತಿದೆ. ಇದಕ್ಕೆ ಸಮಾಧಾನವೇನು?

ಕವಿಗಳು ಆಶ್ರಯದಾತರನ್ನು ಹೊಗಳಲು ಬರೆದರೆಂಬುದು ಒಂದು ಉತ್ತರ. ಅದು ಸುಳ್ಳಲ್ಲ. ಪಂಪನು ಅರಿಕೇಸರಿಯನ್ನು ಅರ್ಜುನನಲ್ಲಿಯೂ, ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿಯೂ ಕಂಡರು. ಆದರೆ ಹೊಗಳಿಕೆಯೊಂದೇ ಉದ್ದೇಶವಾಗಿದ್ದರೆ, ಎದುರು ಪಕ್ಷದ ಕರ್ಣನ ತ್ಯಾಗ ಮತ್ತು ಸತ್ಯಗಳನ್ನು ಪಂಪನು ಅಷ್ಟೊಂದು ಗೌರವದಿಂದ ಸ್ಮರಿಸುವ ಅಗತ್ಯವಿರಲಿಲ್ಲ. ರನ್ನನ ದುರ್ಯೋಧನನು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ಗುರುವನ್ನು, ತಮ್ಮನನ್ನು, ಗೆಳೆಯನನ್ನು, ಮಗನನ್ನು ಕಾಣುತ್ತಾನೆ. ಆ ನಡಿಗೆಯಲ್ಲಿಯೇ ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಆ ಬಾಲಕನ ಶೌರ್ಯವನ್ನು ಗೌರವಿಸುತ್ತಾನೆ. ಜಯಘೋಷದೊಂದಿಗೆ ಗ್ರಂಥವನ್ನು ತೆರೆದ ವಾಚಕನು ಅಲ್ಲಿ ಸೋತವನ ಜೊತೆಯಲ್ಲಿ ನಡೆದು, ಸತ್ತವರ ಮುಖವನ್ನು ನೋಡಬೇಕಾಗುತ್ತದೆ. ರಣದ ಕಥೆಯು ಮದವನ್ನು ಬೆಳೆಸಿದರೆ ದುಃಶ್ರುತಿ. ಅದೇ ಕಥೆಯು ಮದವನ್ನು ಕರಗಿಸಿದರೆ ಅನಿತ್ಯಭಾವನೆ.

ಆದಿಪುರಾಣದಲ್ಲಿ ಪಂಪನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ವಿಚಾರ ಮಾಡುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು; ಅವರಿಗೆ ಸಾವಿಲ್ಲ. ಸಾಯುವವರು ಉಭಯ ಪಕ್ಷದ ಭಟರು ಮಾತ್ರ. ಆದಕಾರಣ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ನಿರ್ಣಯವಾಗಲಿ ಎಂದು ಒಪ್ಪಿಸುತ್ತಾರೆ. ದಾಯಾದ್ಯದ ವ್ಯಾಜ್ಯವನ್ನು ಅದರ ಒಡೆಯರೇ ತೀರಿಸಿಕೊಳ್ಳಬೇಕಲ್ಲದೆ ಅದಕ್ಕಾಗಿ ಬಡ ಭಟನು ಪ್ರಾಣ ಕೊಡಬಾರದೆಂಬ ನೀತಿಯು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವ ಪುರಾಣದಲ್ಲಿ ಬಂದಿದೆ? ಗೆದ್ದ ಬಾಹುಬಲಿಯು ಗೆದ್ದುದನ್ನೇ ಬಿಟ್ಟು ತಪಸ್ಸಿಗೆ ಹೊರಟನೆಂಬುದು ಆ ನೀತಿಯ ಪೂರ್ಣಾಹುತಿ.

ಭಟನ ಪ್ರಾಣದ ಬೆಲೆಯನ್ನು ಲೋಕವು ಬೇರೆ ರೀತಿಯಲ್ಲಿ ಎಣಿಸುತ್ತ ಬಂದಿದೆ. ಮಲೆನಾಡಿನ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ರಣದಲ್ಲಿ ಮಡಿದವನಿಗೆ ಸ್ವರ್ಗವು ತಪ್ಪದೆಂಬ ಭರವಸೆಯನ್ನು ಆ ಕಲ್ಲು ಕೊಡುತ್ತದೆ. ಆದರೆ ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಗೌತಮ ಗಣಧರರು ಇದೇ ಜನವಾದವನ್ನು ಭಗವಾನ್ ಮಹಾವೀರರ ಮುಂದಿಟ್ಟಾಗ ಬಂದ ಉತ್ತರ ಬೇರೆ. ಮಗಧದ ಕೂಣಿಕನಿಗೂ ಅವನ ತಾಯಿಯ ತಂದೆಯಾದ ವೈಶಾಲಿಯ ಚೇಟಕನಿಗೂ ನಡೆದ ಎರಡು ಸಂಗ್ರಾಮಗಳಲ್ಲಿ 84 ಲಕ್ಷ ಮತ್ತು 96 ಲಕ್ಷ ಜನ ಮಡಿದರೆಂದೂ, ಅವರಲ್ಲಿ ಬಹುತೇಕರು ನರಕ ತಿರ್ಯಂಚ ಗತಿಗಳಿಗೆ ಹೋದರೆಂದೂ ಅಲ್ಲಿ ಹೇಳಿದೆ. ದೇವಗತಿಯನ್ನು ಪಡೆದವನು ವರುಣನೆಂಬ ಒಬ್ಬ ಶ್ರಾವಕ. ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಅನ್ಯರನ್ನು ಹೊಡೆಯೆನೆಂಬ ನಿಯಮ ಅವನಿಗಿತ್ತು. ಮರಣಾಂತಿಕವಾದ ಗಾಯವಾದಾಗ ಅವನು ರಣವನ್ನು ಬಿಟ್ಟು ಬಂದು ದರ್ಭಾಸನದ ಮೇಲೆ ಕುಳಿತು ಸಮಾಧಿಮರಣವನ್ನು ಸ್ವೀಕರಿಸಿದನು. ಅವನನ್ನು ಉದ್ಧರಿಸಿದುದು ರಣವಲ್ಲ. ರಣದಲ್ಲಿಯೂ ಕೆಡದ ಪರಿಣಾಮ.

ಈ ಹಿನ್ನೆಲೆಯಲ್ಲಿ ನಗರದ ದಂಗೆಯ ಚರಿತ್ರೆಯನ್ನು ಪರಿಶೀಲಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಇಂತಿಷ್ಟು ಹುಟ್ಟುವಳಿಯನ್ನು ತಂದೇ ತೀರುವೆವೆಂದು ಅಮಲ್ದಾರರಿಂದ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ನಡೆಯುತ್ತಿತ್ತು. ಅದರ ಭಾರವು ಕೊನೆಗೆ ಬಿದ್ದುದು ರೈತನ ಮೇಲೆ. 1830ರಲ್ಲಿ ರೈತರು ಕೂಟಗಳಾಗಿ ಸೇರಿ ಕಂದಾಯವನ್ನು ನಿರಾಕರಿಸಿದರು. ಕೆಳದಿ ಮನೆತನದ ವಾರಸುದಾರನು ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನು ಮುಂದಾಳಾದನು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಎದ್ದನು. ಸಂಸ್ಥಾನದ ಪಡೆಗಳಿಗೆ ಕಂಪೆನಿಯ ಸೈನ್ಯವೂ ನೆರವಾಗಿ, 1831ರಲ್ಲಿ ನಗರವು ಅವರ ವಶವಾಯಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಕಂಪೆನಿಯ ಕೈಗೆ ತೆಗೆದುಕೊಂಡನು. ಅದು ರಾಜಮನೆತನಕ್ಕೆ ಹಿಂದಿರುಗಿದುದು 1881ರಲ್ಲಿ. ಪ್ರಜೆಯೂ ಪ್ರಭುವೂ ಕಾದಾಡಿದ ಮನೆಯ ಬೀಗದ ಕೈ ಐವತ್ತು ವರ್ಷ ಮೂರನೆಯವನ ಸೊಂಟದಲ್ಲಿತ್ತು.

ಈ ದಂಗೆಯ ಕಾರಣಗಳನ್ನು ವಿಚಾರಿಸಿದ, ಸೇನಾಧಿಕಾರಿ ಹಾಕರನು ಪ್ರಮುಖನಾಗಿದ್ದ ಸಮಿತಿಯು 1833ರಲ್ಲಿ ವರದಿಯನ್ನು ಕೊಟ್ಟಿತು. ಮುಂದೆ ಇದನ್ನು ಆಡಳಿತದ ದೋಷವೆಂದು ಬರೆದವರುಂಟು, ಒಬ್ಬ ವೇಷಧಾರಿಯ ಸಂಚೆಂದು ಬರೆದವರುಂಟು, ರೈತರ ಹೋರಾಟವೆಂದು ಬರೆದವರೂ ಉಂಟು. ಇವು ಒಂದೊಂದೂ ಒಂದೊಂದು ನಯ. ತನ್ನ ಮಾತನ್ನು ಹೇಳುವವರೆಗೆ ನಯವು ನಯವೇ. ಇತರ ಮಾತುಗಳನ್ನು ಅಳಿಸಹೊರಟಾಗ ಅದು ದುರ್ನಯವಾಗುತ್ತದೆ. ಹಾಗೆಂದ ಮಾತ್ರಕ್ಕೆ ಎಲ್ಲರೂ ಸಮಾನವಾಗಿ ನಿರ್ದೋಷಿಗಳೆಂದು ಹೇಳುವುದು ಅನೇಕಾಂತವಲ್ಲ. ರೈತನನ್ನು ಹಿಂಡಿದ ಪದ್ಧತಿಯು ಅನ್ಯಾಯದ್ದು. ಅದನ್ನು ಅನ್ಯಾಯವೆಂದೇ ಬರೆಯಬೇಕು. ಆದರೆ ಅದೇ ಗ್ರಂಥದಲ್ಲಿ ಸಂಬಳಕ್ಕಾಗಿ ಬಂದೂಕು ಹೊತ್ತು ಮಲೆನಾಡಿನ ಮಳೆಗಾಡಿನಲ್ಲಿ ಮಡಿದ ಸಿಪಾಯಿಗೂ ಒಂದು ಸಾಲು ಇರಬೇಕು. ಅಧಿಕಾರಿಗಳ ಹೆಸರು ಕಾಗದಪತ್ರಗಳಲ್ಲಿ ಹೇಗೂ ಉಳಿಯುತ್ತದೆ. ಕೂಟಕ್ಕೆ ಹೋಗಿ ಮನೆಗೆ ಮರಳದ ರೈತನ ಹೆಸರು ಉಳಿಯುವುದಿಲ್ಲ. ಅಳಿದುಹೋದ ಆ ಪ್ರಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚರಿತ್ರೆಯು ಸತ್ಯವ್ರತಕ್ಕೂ ಕುಂದು, ಅಹಿಂಸಾವ್ರತಕ್ಕೂ ಕುಂದು.

ಗ್ರಂಥವು ಹೇಗೇ ಇರಲಿ, ತನ್ನ ಭಾವವು ಶುದ್ಧವಾಗಿದ್ದರೆ ಸಾಕೆಂದು ವಾಚಕನು ಹೇಳಬಹುದು. ಮನಸ್ಸು ತನಗೆ ತಾನೇ ಸುಲಭವಾಗಿ ಸಾಕ್ಷಿ ನುಡಿಯುತ್ತದೆಯಾದ್ದರಿಂದ ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಪುಸ್ತಕವನ್ನು ಮುಚ್ಚಿದ ಮೇಲೆ ನೆರೆಮನೆಯವನ ಜಾತಿ, ಮತ, ಊರುಗಳ ಮೇಲೆ ಹೊಸದಾಗಿ ಕೋಪವು ಹುಟ್ಟಿದರೆ, ಆ ವಾಚನವು ಅನುಮೋದನೆಯಾಯಿತೆಂದೇ ತಿಳಿಯಬೇಕು. ಎದುರು ಪಕ್ಷದ ತಾಯಿಯ ದುಃಖವೂ ನೆನಪಿನಲ್ಲಿ ಉಳಿದರೆ, ಅದು ಸ್ವಾಧ್ಯಾಯಕ್ಕೆ ಸಮೀಪವಾಯಿತು.

ಹೊಂಬುಜ ಕ್ಷೇತ್ರದ ಸ್ಥಳಪುರಾಣವನ್ನು ಇಲ್ಲಿ ಸ್ಮರಿಸುವುದು ಉಚಿತ. ತಂದೆಯೇ ತನ್ನನ್ನು ಕೊಲ್ಲಿಸಹೊರಟಾಗ ಜಿನದತ್ತನು ಸೈನ್ಯವನ್ನು ಕೂಡಿಸಲಿಲ್ಲ. ಪದ್ಮಾವತೀ ದೇವಿಯ ಮೂರ್ತಿಯೊಂದಿಗೆ ಕುದುರೆಯನ್ನೇರಿ ಹೊರಟುಬಂದು ಹೊಂಬುಜದಲ್ಲಿ ನೆಲೆಸಿದನು. ಅಂತಃಕಲಹವೊಂದನ್ನು ತಪ್ಪಿಸಿದವನ ಹೆಜ್ಜೆಯಿಂದ ಒಂದು ಪುಣ್ಯಕ್ಷೇತ್ರವು ಬೆಳೆಯಿತು. ಅದೇ ಕ್ಷೇತ್ರದ ಪಂಚಕೂಟ ಬಸದಿಯನ್ನು 1077ರಲ್ಲಿ ಚಟ್ಟಲದೇವಿಯು ಕಟ್ಟಿಸಿದುದು ಅಗಲಿದ ಬಂಧುಗಳ ಪರೋಕ್ಷವಿನಯಕ್ಕಾಗಿ. ಸೇನಾನಿ ಮಲ್ಲಪನ ಮಗಳೂ ಸೇನಾನಿ ನಾಗದೇವನ ಮಡದಿಯೂ ಆಗಿದ್ದ ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಗ್ರಂಥವೂ ರಣದ ಕಾವ್ಯವಲ್ಲ. ಚಕ್ರವರ್ತಿಪದವಿಯನ್ನು ತ್ಯಜಿಸಿದ ಶಾಂತಿನಾಥರ ಪುರಾಣ.

ಬಸದಿಗಳ ಟ್ರಸ್ಟಿನವರು ಗ್ರಂಥಭಂಡಾರಕ್ಕೆ ಪುಸ್ತಕಗಳನ್ನು ಆರಿಸುವಾಗ, ತಂದೆತಾಯಿಗಳು ಮಕ್ಕಳ ಕೈಗೆ ಚರಿತ್ರೆಯನ್ನು ಕೊಡುವಾಗ, ಆ ಮಹಾಸತಿಯ ವಿವೇಕವು ಮಾರ್ಗದರ್ಶಕವಾಗಲಿ. ಯುದ್ಧದ ಗ್ರಂಥಗಳನ್ನು ದೂರವಿಡಬೇಕಾಗಿಲ್ಲ. ಸೋತವರ ಅಳಲನ್ನೂ ಹೇಳುವ ಗ್ರಂಥವನ್ನು ಆರಿಸಲಿ. ಮಗುವು ಅದನ್ನು ಓದಿ ಮುಗಿಸಿದ ದಿನ, ಯಾರು ಗೆದ್ದರೆಂದು ಕೇಳುವ ಮೊದಲು ಯಾರು ಮನೆಗೆ ಮರಳಲಿಲ್ಲವೆಂದು ಕೇಳಲಿ. ಕ್ಷಮಾವಣಿಯ ದಿನ ಸಮಸ್ತ ಜೀವರಾಶಿಯಲ್ಲಿ ಕ್ಷಮೆಯನ್ನು ಬೇಡುವ ಶ್ರಾವಕನು, ಪುಸ್ತಕದ ಪುಟಗಳಲ್ಲಿ ತಾನು ಮೆಚ್ಚಿಕೊಂಡು ಕೊಲ್ಲಿಸಿದ ಜೀವಗಳನ್ನೂ ಆ ರಾಶಿಯಲ್ಲಿ ಸೇರಿಸಿಕೊಳ್ಳುವುದು ಯುಕ್ತ.